ರಾಗಿ ಬೆಳೆಯೋನೇ ಹೇಳ್ತಿದ್ದೀನಿ, ಕ್ಯಾಲ್ಸಿಯಂ ಮಾತ್ರೆ ಬಿಸಾಕಬೇಡಿ

ಈ ಸಲದ ಟಿಪ್ಪಣಿ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ನಮ್ಮ ಥರ ನೇರವಾಗಿ ಮನೆಮನೆಗೆ ರಾಗಿ, ಸೊಪ್ಪು, ಹಾಲು ಕೊಡೋ ರೈತರು ಇದನ್ನ ಓದಲೇಬೇಕು ಅಂತ ನನ್ನ ಆಸೆ.

ಈಚೆಗೆ ನಮ್ಮವರಲ್ಲೇ ಕೆಲವರು ಒಂದು ಮಾತು ಹೇಳ್ಕೊಂಡು ವ್ಯಾಪಾರ ಮಾಡ್ತಿದ್ದಾರೆ. ‘ಕ್ಯಾಲ್ಸಿಯಂ ಮಾತ್ರೆ ಕೆಮಿಕಲ್ಲು, ಅದನ್ನ ಬಿಸಾಕಿ, ನಮ್ಮ ರಾಗಿ ತಿನ್ನಿ.’ ಕೇಳೋಕೆ ಚೆನ್ನಾಗಿದೆ. ರಾಗಿ ಬೆಳೆಯೋ ನನಗೂ ಲಾಭದ ಮಾತೇ. ಆದರೆ ಅದು ಅರ್ಧ ಸತ್ಯ. ಅರ್ಧ ಸತ್ಯ ಬಸುರಿ ಹೆಂಗಸಿನ ಕಿವಿಗೆ ಬಿದ್ದರೆ ಜೀವಕ್ಕೇ ಕುತ್ತು.

ಯಾಕೆ ಹೇಳ್ತಿದ್ದೀನಿ ಅಂದ್ರೆ, ನಾನು ಭಾನುವಾರ ಮಾಲು ತಗೊಂಡು ಹೋಗೋದು ಕತ್ರಿಗುಪ್ಪೆಗೆ. ಒಂದು ಕಾಲಕ್ಕೆ ಅದೂ ನಮ್ಮೂರಿನ ಥರದ ಹಳ್ಳಿಯೇ. ಈಗ ಬನಶಂಕರಿ 3ನೇ ಹಂತದೊಳಗೆ ಸೇರಿಕೊಂಡು, ರಿಂಗ್ ರೋಡು, ಸಿಗ್ನಲ್ಲು, ದರ್ಶಿನಿ, ಮೆಡಿಕಲ್ ಶಾಪು ಅಂತ ಆಗಿದೆ. ಅಲ್ಲಿನ ಜನ ಓದಿದೋರು, ಪ್ರಶ್ನೆ ಕೇಳ್ತಾರೆ. ಒಬ್ಬ ತಾಯಿ, ಚೊಚ್ಚಲ ಬಸುರಿ, ಐದನೇ ತಿಂಗಳು. ‘ಅಣ್ಣಾ, ದಿನಾ ನಿಮ್ಮ ರಾಗಿ ಮುದ್ದೆ ತಿಂತೀನಿ, ಆಸ್ಪತ್ರೆಯವರು ಕೊಟ್ಟ ಕ್ಯಾಲ್ಸಿಯಂ ನಿಲ್ಲಿಸಬಹುದಾ? ಇನ್ನೊಬ್ಬ ರೈತರು ಬೇಡ ಅಂದ್ರು’ ಅಂತ ಕೇಳಿದರು. ‘ಬೇಡಮ್ಮ, ನಿಲ್ಲಿಸಬೇಡಿ, ಡಾಕ್ಟರನ್ನ ಕೇಳಿ’ ಅಂದೆ. ಬೀದೀಲಿ ನಿಂತು ಎರಡು ಮಾತಲ್ಲಿ ಹೇಳಿದ್ದು ಅದು. ಪೂರ್ತಿ ಉತ್ತರ ಇಲ್ಲಿ ಬರೀತಿದ್ದೀನಿ.

ಮೊದಲು ರಾಗಿಯ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದೇ 100 ಗ್ರಾಂ ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಹಸುವಿನ ಹಾಲು 100 ಮಿಲೀಗೆ ಸುಮಾರು 120. ನುಗ್ಗೆ ಸೊಪ್ಪು 100 ಗ್ರಾಂಗೆ 300ರ ಮೇಲೆ. ಸಿಪ್ಪೆ ತೆಗೆಯದ ಎಳ್ಳು 1,200ರ ಮೇಲೆ. ಅಂದ್ರೆ ನಮ್ಮ ಹೊಲದಲ್ಲೇ ಎಲ್ಲಾ ಇದೆ. ಸರ್ಕಾರದ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಆ ಲೆಕ್ಕದಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇರೋ ನೂರು ಗ್ರಾಂ ರಾಗಿಗೆ ಐದು ರೂಪಾಯಿ ಕೂಡ ಬೀಳಲ್ಲ. ಇಷ್ಟು ಅಗ್ಗಕ್ಕೆ ಇಷ್ಟು ಕ್ಯಾಲ್ಸಿಯಂ ಕೊಡೋ ಧಾನ್ಯ ಇನ್ನೊಂದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನ ಕೊಟ್ಟ ‘ರಾಗಿ ಬ್ರಹ್ಮ’ ಲಕ್ಷ್ಮಣಯ್ಯನವರಿಗೆ ನಾವು ಎಷ್ಟು ಕೈ ಮುಗಿದರೂ ಕಮ್ಮಿಯೇ.

ಇನ್ನು ಬೇಕಾಗಿರೋದು ಎಷ್ಟು? ಐಸಿಎಂಆರ್ 2020ರಲ್ಲಿ ಹೇಳಿರೋದು ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ. ಹಿಂದೆ 2010ರ ಪಟ್ಟಿಯಲ್ಲಿ 600 ಇತ್ತು. ಹಾಲೂಡಿಸೋ ತಾಯಿಗೆ 1,200. ಈಗ ಕೂಡಿ ನೋಡಿ. ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆ 364. ಕಾಲು ಲೀಟರ್ ಹಾಲು ಅಥವಾ ಮೊಸರು 300. ಒಂದು ಹಿಡಿ, ಅಂದರೆ 50 ಗ್ರಾಂ ನುಗ್ಗೆ ಸೊಪ್ಪು 150. ಹತ್ತು ಗ್ರಾಂ ಎಳ್ಳು 120. ಒಟ್ಟು 930ರ ಆಸುಪಾಸು. ಸಾರು, ಬೇಳೆ, ಹುರುಳಿ ಸೇರಿದರೆ ಸಾವಿರ ಮುಟ್ಟುತ್ತೆ. ಆದ್ರೆ ಇಷ್ಟನ್ನೂ ದಿನಾ ತಿನ್ನಬೇಕು. ಬೆಳಿಗ್ಗೆ ಇಡ್ಲಿ ವಡೆ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ, ವಾರಕ್ಕೊಂದು ದಿನ ರಾಗಿ ದೋಸೆ ಅಂದ್ರೆ ಲೆಕ್ಕ ಅರ್ಧಕ್ಕೂ ಬರಲ್ಲ.

ಇನ್ನೊಂದು ವಿಷಯ. ಬಾಯೊಳಗೆ ಹೋದದ್ದೆಲ್ಲ ಮೂಳೆಗೆ ಹೋಗಲ್ಲ. ಹಾಲಿನ ಕ್ಯಾಲ್ಸಿಯಂನಲ್ಲಿ ಸುಮಾರು 30 ಪಾಲು ಮೈಗೆ ಹತ್ತುತ್ತೆ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ, ಅದು ಕ್ಯಾಲ್ಸಿಯಂನ ಕಟ್ಟಿಹಾಕುತ್ತೆ, ಹತ್ತೋದು ನೂರಕ್ಕೆ 5 ಮಾತ್ರ. ರಾಗಿಯಲ್ಲಿ ಫೈಟೇಟು, ಒಗರಿನ ಟ್ಯಾನಿನ್ನು ಇವೆ, ಅವೂ ಸ್ವಲ್ಪ ಹಿಡ್ಕೊಳ್ತವೆ. ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದ್ರೆ, ಇಲ್ಲಾ ಹುಳಿ ಬರಿಸಿ ಅಂಬಲಿ ಮಾಡಿದ್ರೆ ಆ ಹಿಡಿತ ಸಡಿಲ ಆಗುತ್ತೆ. ನಮ್ಮ ಅಜ್ಜಿಯರು ಮಕ್ಕಳಿಗೆ ಮೊಳಕೆ ರಾಗಿಯ ಸರಿ ತಿನ್ನಿಸ್ತಿದ್ದದ್ದು ಸುಮ್ಮನೆ ಅಲ್ಲ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಬಸುರಿಗೆ ಕ್ಯಾಲ್ಸಿಯಂ ಮಾತ್ರೆ ಕೊಡೋದು ಬರೀ ಮೂಳೆಗೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಹಾಗಲ್ಲ. ಬಸಿರಿನ ಅರ್ಧ ದಾಟಿದ ಮೇಲೆ ಕೆಲವರಿಗೆ ಬಿಪಿ ಏಕಾಏಕಿ ಏರುತ್ತೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತೆ. ಡಾಕ್ಟರುಗಳು ಅದಕ್ಕೆ ಪ್ರಿ-ಎಕ್ಲಾಂಪ್ಸಿಯಾ ಅಂತಾರೆ. ಕೈ ಮೀರಿದ್ರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರಿಗೂ ಅಪಾಯ. ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಇರೋ ಕಡೆ ಮಾತ್ರೆ ಕೊಟ್ಟರೆ ಈ ಕಾಯಿಲೆ ಕಮ್ಮಿ ಆಗುತ್ತೆ ಅಂತ ಗೊತ್ತಾದ ಮೇಲೆ, ವಿಶ್ವ ಆರೋಗ್ಯ ಸಂಸ್ಥೆ ಅಂಥ ಕಡೆ ಬಸುರಿಯರಿಗೆ ದಿನಕ್ಕೆ 1,500ರಿಂದ 2,000 ಮಿಲಿಗ್ರಾಂ ಕೊಡಿ ಅಂತ ಹೇಳಿತು. ನಮ್ಮ ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ ಪ್ರಕಾರ 500 ಮಿಲಿಗ್ರಾಂನ ಎರಡು ಮಾತ್ರೆ, 14ನೇ ವಾರದಿಂದ ಶುರು ಮಾಡಿ ಹೆರಿಗೆ ಆಗಿ ಆರು ತಿಂಗಳವರೆಗೆ. ಕಬ್ಬಿಣದ ಮಾತ್ರೆ ಜೊತೆ ನುಂಗಬಾರದು, ಎರಡಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇರಬೇಕು. ಯಾಕಂದ್ರೆ ಕ್ಯಾಲ್ಸಿಯಂ ಕಬ್ಬಿಣವನ್ನ ಮೈಗೆ ಹತ್ತೋಕೆ ಬಿಡಲ್ಲ.

ಇದರ ಬಗ್ಗೆ ಜಗತ್ತೇ ನೋಡಿದ ಒಂದು ಪರೀಕ್ಷೆ ನಡೆದದ್ದು ನಮ್ಮ ಬೆಂಗಳೂರಲ್ಲೇ. ಕೋರಮಂಗಲದ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ನಗರದ 11,000 ಚೊಚ್ಚಲ ಬಸುರಿಯರನ್ನ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ, ಇನ್ನೊಂದಕ್ಕೆ 500. ಇಷ್ಟೇ ದೊಡ್ಡ ಪರೀಕ್ಷೆ ಟಾಂಜಾನಿಯಾದ ದಾರ್ ಎಸ್ ಸಲಾಂನಲ್ಲೂ ನಡೀತು. ಫಲಿತಾಂಶ 2024ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಬೆಂಗಳೂರಲ್ಲಿ ಪ್ರಿ-ಎಕ್ಲಾಂಪ್ಸಿಯಾ ಬಂದದ್ದು 500ರ ಗುಂಪಿನಲ್ಲಿ ನೂರಕ್ಕೆ 3.0, 1,500ರ ಗುಂಪಿನಲ್ಲಿ 3.6. ಅವಧಿಗೆ ಮುಂಚೆ ಹೆರಿಗೆ ಆದದ್ದು 11.4 ಮತ್ತು 12.8. ಅಂದ್ರೆ ಕಮ್ಮಿ ಡೋಸು ದೊಡ್ಡ ಡೋಸಿಗಿಂತ ಕಳಪೆ ಏನಲ್ಲ. ಟಾಂಜಾನಿಯಾದಲ್ಲಿ ಬಿಪಿ ಕಾಯಿಲೆಯ ವಿಷಯದಲ್ಲಿ ಇದೇ ತೀರ್ಮಾನ ಬಂತು. ಅವಧಿಪೂರ್ವ ಹೆರಿಗೆ ವಿಷಯದಲ್ಲಿ ಮಾತ್ರ ಅಷ್ಟು ಖಚಿತವಾಗಿ ಹೇಳೋಕೆ ಆಗಲಿಲ್ಲ.

ಇದನ್ನ ಓದಿ ‘ನೋಡಿದ್ರಾ, ಮಾತ್ರೆ ಬೇಡ ಅಂತ ಸಾಬೀತಾಯ್ತು’ ಅನ್ನೋರಿಗೆ ನನ್ನ ಉತ್ತರ ಇಷ್ಟೇ. ಆ ಪರೀಕ್ಷೆಯಲ್ಲಿ ಮಾತ್ರೆಯೇ ಇಲ್ಲದ ಗುಂಪು ಇರಲಿಲ್ಲ. ಎರಡೂ ಗುಂಪಿನವರು ದಿನಾ ಕ್ಯಾಲ್ಸಿಯಂ ತಗೊಂಡೋರೇ. ಮೂರು ಮೂಟೆ ಗೊಬ್ಬರ ಹಾಕಿದ ಹೊಲ, ಒಂದು ಮೂಟೆ ಹಾಕಿದ ಹೊಲ ಎರಡೂ ಒಂದೇ ಫಸಲು ಕೊಟ್ಟರೆ ಒಂದು ಮೂಟೆ ಸಾಕು ಅಂತ ಅರ್ಥ. ಗೊಬ್ಬರವೇ ಬೇಡ ಅಂತ ಅಲ್ಲ. ರೈತನಿಗೆ ಇದು ಗೊತ್ತಾಗಬೇಕು. ಹಾಗಾಗಿ ತಾಯಿ ಕಾರ್ಡಲ್ಲಿ ಏನು ಬರೆದಿದೆಯೋ ಅದನ್ನ ಪಾಲಿಸಿ, ಎಷ್ಟು ಮಾತ್ರೆ ಅನ್ನೋದನ್ನ ಡಾಕ್ಟರೇ ಹೇಳಲಿ. ಮುದ್ದೆ ಅದರ ಜೊತೆಗಿರಲಿ.

ಹಾಗಂತ ಮಾತ್ರೆಯನ್ನ ಪೆಪ್ಪರ್‌ಮೆಂಟ್ ಥರ ತಿನ್ನೋರ ಪರವೂ ನಾನಲ್ಲ. ‘ಮಂಡಿ ನೋವು ಕಣಪ್ಪಾ’ ಅಂತ ವರ್ಷಗಟ್ಟಲೆ ಯಾರನ್ನೂ ಕೇಳದೆ ಮೆಡಿಕಲ್ ಶಾಪಿನಿಂದ ತಂದು ನುಂಗೋ ಹಿರಿಯರು ನಮ್ಮ ಗ್ರಾಹಕರಲ್ಲೇ ಇದ್ದಾರೆ. ಅವರಿಗೆ ನಾಲ್ಕು ಮಾತು.

ಪಟ್ಟಿಯ ಹಿಂದೆ ಓದಿ. ಕ್ಯಾಲ್ಸಿಯಂ ಕಾರ್ಬೊನೇಟ್ 1,250 ಮಿಲಿಗ್ರಾಂ ಅಂತ ಇದ್ದರೆ ನಿಜವಾದ ಕ್ಯಾಲ್ಸಿಯಂ 500 ಮಾತ್ರ, ಅಂದ್ರೆ ನೂರಕ್ಕೆ 40 ಪಾಲು. ಸಿಟ್ರೇಟ್ ಆದರೆ 21 ಪಾಲು. ಕಾರ್ಬೊನೇಟ್ ಕರಗೋಕೆ ಹೊಟ್ಟೆಯ ಆಮ್ಲ ಬೇಕು, ಅದಕ್ಕೇ ಊಟ ಆದ ಮೇಲೆ ತಗೋಬೇಕು. ದಿನಾ ಗ್ಯಾಸ್ ಮಾತ್ರೆ ತಿನ್ನೋರಿಗೆ ಅದು ಸರಿಯಾಗಿ ಹತ್ತಲ್ಲ, ಅವರು ಸಿಟ್ರೇಟ್ ಬಗ್ಗೆ ಡಾಕ್ಟರನ್ನ ಕೇಳಬೇಕು. ಒಂದೇ ಸಲಕ್ಕೆ 500ಕ್ಕಿಂತ ಹೆಚ್ಚು ನುಂಗಿದ್ರೆ ಮೈಗೆ ಹತ್ತೋ ಪಾಲು ಕಮ್ಮಿ ಆಗುತ್ತೆ.

ಥೈರಾಯ್ಡ್ ಮಾತ್ರೆ ತಗೊಳ್ಳೋರು ಅದಕ್ಕೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಕೊಡಬೇಕು. ಇಲ್ಲಾಂದ್ರೆ ಥೈರಾಯ್ಡ್ ಮಾತ್ರೆ ಕೆಲಸ ಮಾಡಲ್ಲ. ಕೆಲವು ಆ್ಯಂಟಿಬಯೋಟಿಕ್‌ಗಳದ್ದೂ ಇದೇ ಕಥೆ.

ಡಿ ವಿಟಮಿನ್‌ನ 60,000 ಯೂನಿಟ್ ಪುಡಿ ವಾರಕ್ಕೊಂದರಂತೆ ಕೆಲವು ವಾರಕ್ಕೆ ಬರೆದುಕೊಡೋ ಔಷಧಿ. ಅದನ್ನ ದಿನಾ ತಿನ್ನೋದು, ವರ್ಷಗಟ್ಟಲೆ ತಿನ್ನೋದು ಅಪಾಯ. ರಕ್ತದಲ್ಲಿ ಕ್ಯಾಲ್ಸಿಯಂ ಅತಿಯಾದರೆ ಮಲಬದ್ಧತೆ, ವಾಕರಿಕೆ, ವಿಪರೀತ ಬಾಯಾರಿಕೆ, ತಲೆ ಗೊಂದಲ ಬರುತ್ತೆ, ಕಿಡ್ನಿ ಕೆಡುತ್ತೆ.

ಕಿಡ್ನಿ ಕಲ್ಲಿನ ವಿಷಯವಂತೂ ನಮ್ಮ ಜನ ಪೂರ್ತಿ ತಲೆಕೆಳಗೆ ತಿಳ್ಕೊಂಡಿದ್ದಾರೆ. ಕಲ್ಲು ಬಂದೋರು ಹಾಲು, ರಾಗಿ ಬಿಟ್ಟುಬಿಡ್ತಾರೆ. 1993ರಲ್ಲಿ ಪ್ರಕಟವಾದ, ಅಮೆರಿಕದ ಸುಮಾರು 45 ಸಾವಿರ ಗಂಡಸರ ಅಧ್ಯಯನದಲ್ಲಿ ಕಂಡದ್ದೇ ಬೇರೆ. ಊಟದಲ್ಲಿ ಕ್ಯಾಲ್ಸಿಯಂ ಹೆಚ್ಚು ತಿಂದೋರಿಗೇ ಕಲ್ಲು ಕಮ್ಮಿ. ಊಟದ ಜೊತೆ ಬಂದ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನ ಹಿಡಿದು ಹೊರಗೆ ಹಾಕುತ್ತೆ. ಮಾತ್ರೆಯ ಕಥೆ ಬೇರೆ. ಅಮೆರಿಕದಲ್ಲೇ 36,282 ಹೆಂಗಸರಲ್ಲಿ, ಎಲ್ಲಾ 50 ದಾಟಿದೋರು, ಒಂದು ಗುಂಪಿಗೆ ಏಳು ವರ್ಷ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ, 400 ಯೂನಿಟ್ ಡಿ ವಿಟಮಿನ್ ಕೊಟ್ಟು, ಸುಮ್ಮನೆ ಖಾಲಿ ಮಾತ್ರೆ ತಗೊಂಡೋರ ಜೊತೆ ಹೋಲಿಸಿದರು. 2006ರಲ್ಲಿ ಬಂದ ಫಲಿತಾಂಶ: ಸೊಂಟದ ಮೂಳೆಯ ಸಾಂದ್ರತೆ ಸ್ವಲ್ಪ ಹೆಚ್ಚಿತು, ಸೊಂಟದ ಮೂಳೆ ಮುರಿತ ಹೇಳಿಕೊಳ್ಳೋ ಹಾಗೆ ಇಳಿಯಲಿಲ್ಲ, ಕಿಡ್ನಿ ಕಲ್ಲು ನೂರಕ್ಕೆ 17ರಷ್ಟು ಜಾಸ್ತಿ ಆಯ್ತು. ಅಂದ್ರೆ ಮೂಳೆ ಸವೆತ ಇದೆ ಅಂತ ಡಾಕ್ಟರ್ ಹೇಳಿದೋರಿಗೆ ಮಾತ್ರೆ ಔಷಧಿ. ಸುಮ್ಮನೆ ‘ಒಳ್ಳೇದಾಗಲಿ’ ಅಂತ ತಿನ್ನೋರಿಗೆ ಮುದ್ದೆ, ಮಜ್ಜಿಗೆ, ಬೆಳಗಿನ ಬಿಸಿಲು ಒಳ್ಳೇದು.

ಜಾಸ್ತಿ ಕೊಟ್ಟಷ್ಟೂ ಒಳ್ಳೇದಲ್ಲ ಅನ್ನೋದು ಹಸು ಸಾಕೋರಿಗೆ ಗೊತ್ತಿರೋ ವಿಷಯ. ಕರು ಹಾಕಿದ ಮಾರನೇ ದಿನ ಜಾಸ್ತಿ ಹಾಲಿನ ಹಸು ಕಾಲು ತಣ್ಣಗಾಗಿ, ಕುತ್ತಿಗೆ ಪಕ್ಕೆಗೆ ತಿರುಗಿಸ್ಕೊಂಡು ಮಲಗಿಬಿಡುತ್ತೆ. ಹಾಲುಜ್ವರ ಅಂತೀವಿ, ಆದರೆ ಜ್ವರ ಇರಲ್ಲ. ಹತ್ತು ಲೀಟರ್ ಗಿಣ್ಣು ಹಾಲಲ್ಲಿ 20 ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಹೋಗುತ್ತೆ, ಹಸುವಿನ ರಕ್ತದಲ್ಲಿ ಅದರ ಸಣ್ಣ ಪಾಲು ಮಾತ್ರ ಇರುತ್ತೆ. ಹಾಗಾದ್ರೆ ಕರು ಹಾಕೋ ಮುಂಚೆಯೇ ತುಂಬಾ ಕ್ಯಾಲ್ಸಿಯಂ ತಿನ್ನಿಸಿದ್ರೆ ಸರಿ ಹೋಗುತ್ತಾ? ಇಲ್ಲ, ಕಾಯಿಲೆ ಹೆಚ್ಚೇ ಆಗುತ್ತೆ. ಬಾಯಿಂದ ಧಾರಾಳವಾಗಿ ಬರ್ತಿದ್ದರೆ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿಕೊಳ್ಳೋ ಅಭ್ಯಾಸವನ್ನೇ ಮೈ ಮರೆತುಬಿಡುತ್ತೆ. ಅದಕ್ಕೇ ಬತ್ತಿಸಿದ ಹಸುವಿಗೆ ಹಾಲು ಕೊಡೋ ಹಸುವಿನ ಖನಿಜ ಮಿಶ್ರಣ ಬೇಡ ಅನ್ನೋದು. ಮಲಗಿದ ಹಸುವಿಗೆ ನರಕ್ಕೆ ಹಾಕೋ ಕ್ಯಾಲ್ಸಿಯಂ ಬಾಟಲಿ ಕೂಡ ಹಾಗೇ. ನಿಧಾನಕ್ಕೆ ಹೋದರೆ ಹಸು ಎದ್ದು ನಿಲ್ಲುತ್ತೆ, ಬೇಗ ಬಿಟ್ಟರೆ ಎದೆ ನಿಂತು ಸಾಯುತ್ತೆ. ದಯವಿಟ್ಟು ಪಶುವೈದ್ಯರಿಂದಲೇ ಹಾಕಿಸಿ.

ಹೊಲದಲ್ಲೂ ಅದೇ. ಟೊಮೆಟೊ ಕಾಯಿಯ ತುದಿ ಕಪ್ಪಗಾಗಿ ಕೊಳೆತರೆ ಕ್ಯಾಲ್ಸಿಯಂ ಕೊರತೆ ಅಂತೀವಿ. ಎಷ್ಟೋ ಸಲ ಮಣ್ಣಲ್ಲಿ ಕ್ಯಾಲ್ಸಿಯಂ ಇರುತ್ತೆ, ನೀರು ಒಂದು ದಿನ ಹರಿದು ನಾಲ್ಕು ದಿನ ಒಣಗಿರುತ್ತೆ. ನೀರಿಲ್ಲದೆ ಅದು ಕಾಯಿಗೆ ಹೋಗಲ್ಲ. ಮನುಷ್ಯನ ಮೈಯಲ್ಲಿ ಆ ನೀರಿನ ಕೆಲಸ ಮಾಡೋದು ಡಿ ವಿಟಮಿನ್.

ಇನ್ನು ವಾಟ್ಸಾಪಿನ ‘ಗೋಧಿ ಕಾಳಿನಷ್ಟು ಎಲೆಗೆ ಹಚ್ಚೋ ಸುಣ್ಣ ಮೊಸರಿಗೆ ಹಾಕಿ ತಿನ್ನಿ’ ವೈದ್ಯ. ಲೆಕ್ಕ ಹಾಕಿ ನೋಡಿ. ಗೋಧಿ ಕಾಳು 40 ಮಿಲಿಗ್ರಾಂ ತೂಗುತ್ತೆ. ಒಣ ಸುಣ್ಣದಲ್ಲಿ ಕ್ಯಾಲ್ಸಿಯಂ ನೂರಕ್ಕೆ 54 ಪಾಲು. ಸಿಗೋದು ಹೆಚ್ಚೆಂದರೆ 20 ಮಿಲಿಗ್ರಾಂ ಆಸುಪಾಸು. ಅಷ್ಟು ಕ್ಯಾಲ್ಸಿಯಂ ನಾಲ್ಕು ಚಿಕ್ಕ ಚಮಚ ಮೊಸರಲ್ಲೇ ಇದೆ! ಪರಿಣಾಮ ಕಾಣದಿದ್ದಾಗ ಜನ ಕಾಳಿನಷ್ಟನ್ನ ಚಮಚ ಮಾಡ್ತಾರೆ, ಬಾಯಿ ಗಂಟಲು ಸುಟ್ಕೊಳ್ತಾರೆ. ಮೆಕ್ಸಿಕೋದವರು ಮೆಕ್ಕೆಜೋಳವನ್ನ ಸುಣ್ಣದ ನೀರಲ್ಲಿ ಬೇಯಿಸ್ತಾರೆ, ನಿಜ. ಆದ್ರೆ ಅವರು ಅದನ್ನ ತೊಳೆದು ರುಬ್ಬಿ ರೊಟ್ಟಿ ಮಾಡ್ತಾರೆ, ಸುಣ್ಣ ನೆಕ್ಕಲ್ಲ.

ಈಗ ಪೊಟ್ಟಣದ ಮೇಲಿನ ನಂಬರುಗಳ ವಿಷಯ. ‘ಬ್ರೆಡ್ಡಲ್ಲಿ ಐಎನ್‌ಎಸ್ 282 ಅಂತಿದೆ, ವಿಷ ಅಲ್ವಾ?’ ಅಂತ ಕತ್ರಿಗುಪ್ಪೆಯ ಹುಡುಗನೊಬ್ಬ ಕೇಳಿದ. ಅದು ಕ್ಯಾಲ್ಸಿಯಂ ಪ್ರೊಪಿಯೊನೇಟ್. ಬ್ರೆಡ್ಡಿಗೆ ಬೂಸ್ಟು ಹಿಡಿಯದ ಹಾಗೆ ಹಾಕ್ತಾರೆ. 170 ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಮಾತ್ರೆಯಲ್ಲಿ ಇರೋದೇ. 509 ಕ್ಯಾಲ್ಸಿಯಂ ಕ್ಲೋರೈಡ್, ಚೀಸ್ ಗಟ್ಟಿ ಆಗೋಕೆ, ಡಬ್ಬಿ ತರಕಾರಿ ಮೆತ್ತಗಾಗದಿರೋಕೆ. 516 ಕ್ಯಾಲ್ಸಿಯಂ ಸಲ್ಫೇಟ್, ಸೋಯಾ ಹಾಲು ಒಡೆದು ತೋಫು ಮಾಡೋಕೆ. ಇದೇ ಜಾತಿಯ ಜಿಪ್ಸಂ ಅನ್ನೇ ನಾವು ಕಡಲೆಕಾಯಿ ಹೂ ಬಿಡೋ ಹೊತ್ತಿಗೆ ಎಕರೆಗೆ 200 ಕೆ.ಜಿ. ಹಾಕೋದು. ಇವನ್ನೆಲ್ಲ ಎಷ್ಟು ಹಾಕಬಹುದು, ಯಾವುದಕ್ಕೆ ಹಾಕಬಹುದು ಅಂತ ನಿಯಮ ಇದೆ. ನಂಬರ್ ಇದ್ದ ಮಾತ್ರಕ್ಕೆ ವಿಷ ಅಲ್ಲ. ಹಾಗೇ ಕ್ಯಾಲ್ಸಿಯಂ ಅನ್ನೋ ಹೆಸರಿದ್ದ ಮಾತ್ರಕ್ಕೆ ಮೂಳೆಗೆ ಒಳ್ಳೇದೂ ಅಲ್ಲ, ಇಲ್ಲಿ ಅದರ ಕೆಲಸವೇ ಬೇರೆ.

ನಿಯಮವೂ ಕಲ್ಲಿನ ಮೇಲೆ ಬರೆದದ್ದಲ್ಲ. ಬ್ರೆಡ್ಡಿನ ಹಿಟ್ಟಿಗೆ ಹಾಕ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಕ್ಯಾನ್ಸರ್ ತರಬಹುದು ಅಂತ 2016ರಲ್ಲಿ ಎಫ್‌ಎಸ್‌ಎಸ್‌ಎಐ ಅನುಮತಿ ಪಟ್ಟಿಯಿಂದ ತೆಗೆದುಹಾಕಿತು. ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚಲ್ಲಿ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗೆ ಹಾಕ್ತಿದ್ದ ಕೃತಕ ಬಣ್ಣಗಳಿಗೆ ತಡೆ ಹಾಕಿತು. ಅದರಲ್ಲಿ ಸಿಕ್ಕ ರೋಡಮಿನ್-ಬಿ ಬಟ್ಟೆಗೆ ಹಾಕೋ ಬಣ್ಣ, ತಿನ್ನೋ ಪದಾರ್ಥಕ್ಕೆ ಅದಕ್ಕೆ ಅನುಮತಿಯೇ ಇಲ್ಲ. ಭಯ ಪಡಬೇಕಾದ್ದು ಇಂಥದ್ದಕ್ಕೆ. ಪೊಟ್ಟಣದ ಮೇಲೆ ಬರೆಯದೆ ಹಾಕೋದಕ್ಕೆ.

ಇಲ್ಲಿ ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ಬೇರೆಯವರ ಕೆಮಿಕಲ್ ಬಗ್ಗೆ ಭಾಷಣ ಮಾಡೋ ನಾವು ಮಾವಿನ ಕಾಲ ಬಂದಾಗ ಕ್ಯಾಲ್ಸಿಯಂ ಕಾರ್ಬೈಡ್ ಪೊಟ್ಟಣ ಕಂಡರೂ ಕಾಣದ ಹಾಗೆ ಇರ್ತೀವಿ. ಹೆಸರಲ್ಲಿ ಕ್ಯಾಲ್ಸಿಯಂ ಇದೆ, ಅಷ್ಟೇ. ಅದರಿಂದ ಹೊರಡೋ ಅಸಿಟಿಲೀನ್ ಜೊತೆ ಆರ್ಸೆನಿಕ್ಕು, ರಂಜಕದ ಅಂಶ ಬರುತ್ತೆ. ಅದರಲ್ಲಿ ಹಣ್ಣು ಮಾಡೋದಕ್ಕೆ 2011ರ ಆಹಾರ ಸುರಕ್ಷತೆ ನಿಯಮದಲ್ಲೇ ನಿಷೇಧ ಇದೆ. ಬೇಕಾದ್ರೆ ಎಥಿಲೀನ್ ಅನಿಲದ ಕೋಣೆ ಇದೆ, 100 ಪಿಪಿಎಂವರೆಗೆ ಅನುಮತಿ ಇದೆ. ಇಲ್ಲಾ ಹುಲ್ಲಲ್ಲಿ ಹಾಕಿ ನಾಲ್ಕು ದಿನ ಕಾಯಬೇಕು. ಪಕ್ಕದ ಮಂಡಿಯಲ್ಲಿ ಕಾರ್ಬೈಡ್ ಇದ್ದಾಗ ಬಾಯಿ ಮುಚ್ಚಿಕೊಂಡು, ಬಸುರಿಯ ಕೈಲಿರೋ ಮಾತ್ರೆಯನ್ನ ವಿಷ ಅನ್ನೋಕೆ ನಮಗೆ ಯಾವ ಹಕ್ಕಿದೆ?

ರಾಗಿಗೆ ಸುಳ್ಳಿನ ಜಾಹೀರಾತು ಬೇಕಾಗಿಲ್ಲ. 2024ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರಿ ಶಾಲೆ ಮಕ್ಕಳಿಗೆ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡೋಕೆ ಶುರು ಮಾಡಿದರು. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿಗೆ ರಾಗಿ ಸೇರಿತು. ರಾಗಿಗೆ ಸಿಗಬೇಕಾದ ಮರ್ಯಾದೆ ಇಂಥದ್ದು. ದಿನಾ ತಟ್ಟೆಯಲ್ಲಿ ಜಾಗ. ಔಷಧಿ ಅಂಗಡಿಯ ಜಾಗ ಅದಕ್ಕೆ ಬೇಡ.

ಹಾಗಾಗಿ ನೇರ ಮಾರಾಟ ಮಾಡೋ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಪೊಟ್ಟಣದ ಮೇಲೆ ತಳಿ ಹೆಸರು ಬರೀರಿ, ಬೆಳೆದ ಊರು ಬರೀರಿ, ಗಿರಣಿ ಮಾಡಿಸಿದ ದಿನ ಬರೀರಿ. ‘ಮಾತ್ರೆಗೆ ಬದಲು’ ಅಂತ ಮಾತ್ರ ಬರೀಬೇಡಿ. ಗ್ರಾಹಕರು ಕಾಯಿಲೆ ಬಗ್ಗೆ ಕೇಳಿದ್ರೆ ‘ಡಾಕ್ಟರನ್ನ ಕೇಳಿ’ ಅನ್ನಿ. ಅದರಿಂದ ವ್ಯಾಪಾರ ಕಮ್ಮಿ ಆಗಲ್ಲ, ನಂಬಿಕೆ ಜಾಸ್ತಿ ಆಗುತ್ತೆ. ಕತ್ರಿಗುಪ್ಪೆಯ ಗ್ರಾಹಕರೇ, ಮೊಳಕೆ ರಾಗಿ ಹಿಟ್ಟು ಬೇಕಾದೋರು ಗುರುವಾರದೊಳಗೆ ಹೇಳಿ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸೋಕೆ ಮೂರು ದಿನ ಬೇಕು. ಅದಕ್ಕಿಂತ ಬೇಗ ಕೊಡೋಕೆ ಆಗಲ್ಲ.